ಪೋರ್ಟೊರಿಕೊ ದ್ವೀಪದ ಬಾವಲಿಗಳು ಮತ್ತು ಬಿಸಿಗವಿಗಳು

ಬಾವಲಿ ಎಂದೊಡನೆ ಪಾಳುಗುಡಿಯ ಕತ್ತಲೆಯೂ ಅಲ್ಲಿನ ದುರ್ವಾಸನೆಯೂ ನೆನಪಿಗೆ ಬರುವುದು ಸಹಜ. ಅದನ್ನು ಹಕ್ಕಿಯೆಂದು ಭಾವಿಸುವವರೂ ಉಂಟು. ವಾಸ್ತವವಾಗಿ ಅದು ಮರಿಗಳಿಗೆ ಹಾಲೂಡಿಸುವ ಸಸ್ತನಿ. ರೆಕ್ಕೆ ಬಡಿದು ಹಾರಬಲ್ಲ ಸಸ್ತನಿಗಳೆಂದರೆ ಬಾವಲಿಗಳು ಮಾತ್ರ. ಈ ಶಕ್ತಿಯ ಫಲವನ್ನರಿಯಲು ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪ ಒಳ್ಳೆಯ ನಿದರ್ಶನ.

ಸುಮಾರು 9,000 ಚದರ ಕಿಲೋಮೀಟರು ವಿಸ್ತಾರದ ಈ ದ್ವೀಪದಲ್ಲಿ, ಕಡಲಿನವುಗಳನ್ನು ಬಿಟ್ಟರೆ, ಇಂದು ಉಳಿದಿರುವ ಮೂಲನಿವಾಸಿ ಸಸ್ತನಿಗಳೆಲ್ಲವೂ ಬಾವಲಿಗಳೇ. ಇಲಿ, ನಾಯಿ, ಮುಂಗುಸಿಗಳು ಮನುಷ್ಯನೊಡನೆ ಬಂದವು. ಬಾವಲಿಗಳಲ್ಲಿ 13 ಪ್ರಭೇದಗಳಿವೆ. ಕೆಲವು ಕೀಟಭಕ್ಷಕಗಳು; ಕೆಲವು ಹಣ್ಣನ್ನೂ ಮಕರಂದವನ್ನೂ ಅವಲಂಬಿಸಿವೆ; ಒಂದು ಪ್ರಭೇದವಂತೂ ನೀರಿನ ಮೇಲೆ ಹಾರುತ್ತ ಕಾಲುಗುರುಗಳಿಂದ ಮೀನನ್ನು ಹಿಡಿಯುತ್ತದೆ.

ದ್ವೀಪದ ಉತ್ತರಭಾಗ ಸುಣ್ಣಕಲ್ಲಿನ ನಾಡು. ಮಳೆಯ ನೀರು ಯುಗಯುಗಗಳಿಂದ ಈ ಕಲ್ಲನ್ನು ಕರಗಿಸಿ ಅಸಂಖ್ಯ ಗವಿಗಳನ್ನು ಕೊರೆದಿದೆ. ಸಾಮಾನ್ಯವಾಗಿ ಗವಿಯ ಒಳಗು ತಂಪು. ಆದರೆ ಇಲ್ಲಿನ ಕೆಲವು ಗವಿಗಳು ಬಿಸಿಯಾಗಿವೆ. ಇದಕ್ಕೆ ಭೂಗರ್ಭದ ಶಾಖ ಕಾರಣವಲ್ಲ. ಬಾಯಿ ಕಿರಿದಾಗಿದ್ದು ಗಾಳಿಯ ಸಂಚಾರ ಕಡಿಮೆಯಿರುವ ಗವಿಯಲ್ಲಿ ಲಕ್ಷಾಂತರ ಬಾವಲಿಗಳು ಒತ್ತಾಗಿ ತೂಗುವಾಗ, ಅವುಗಳ ಮೈಕಾವು ಹೊರಹೋಗಲಾರದೆ ಒಳಗೇ ಸೇರುತ್ತದೆ. ಹೀಗೆ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲದು. ಗಾಳಿಯೂ ತೇವದಿಂದ ತುಂಬಿರುತ್ತದೆ. ಪುಟ್ಟ ಮೈಯ ಬಾವಲಿಗಳಿಗೆ ಇದರಿಂದ ಮೈಯ ಶಾಖ ಉಳಿಯುತ್ತದೆ, ಆಹಾರದ ಅಗತ್ಯ ತಗ್ಗುತ್ತದೆ. ಒಂದೊಂದರಿಂದ ಆಗದ ಕಾರ್ಯ ಸಮೂಹದಿಂದ ಆಗುತ್ತದೆ.

ಅರೆಸೀಬೊ ಪಟ್ಟಣದ ಬಳಿಯ ಕುಲೆಬ್ರೋನೆಸ್ ಗವಿ ಇಂಥದೊಂದು. ಇಲ್ಲಿ ಆರು ಪ್ರಭೇದಗಳ ಸುಮಾರು 3,00,000 ಬಾವಲಿಗಳು ನೆಲೆಸಿವೆ. ಸಂಜೆ ಅವು ಹೊಳೆಯಂತೆ ಹೊರಹರಿಯುವಾಗ, ಗವಿಯ ಬಾಯಲ್ಲಿ ಜೋತುಬಿದ್ದ ಹೆಬ್ಬಾವಿನ ಬಳಗದ ಹಾವುಗಳು ಹಾರುವ ಬಾವಲಿಗಳನ್ನೇ ಹಿಡಿದು ನುಂಗುತ್ತವೆ. ಗವಿಗೆ ಹೆಸರು ಬಂದದ್ದೂ ಈ ಹಾವುಗಳಿಂದಲೇ. ಕೆಳಗೆ ಬಿದ್ದ ಹಿಕ್ಕೆಯನ್ನು ಆಶ್ರಯಿಸಿ ಬೆಳಕು ಕಾಣದ ಅಸಂಖ್ಯ ಕ್ರಿಮಿಕೀಟಗಳು ಬದುಕುತ್ತವೆ.

ಗವಿಯ ಬೆಲೆ ತಿಳಿಯುವುದು ಚಂಡಮಾರುತ ಬಂದಾಗ. 1989ರಲ್ಲಿ ಹ್ಯೂಗೊ ಚಂಡಮಾರುತವು ದ್ವೀಪದ ಪೂರ್ವದ ಲುಕಿಯೊ ಅರಣ್ಯವನ್ನು ಧ್ವಂಸಮಾಡಿತು. ಗವಿಯಲ್ಲಿ ವಾಸಿಸುವ ಮಕರಂದಪ್ರಿಯ ಬಾವಲಿಯೊಂದರ ಸಂಖ್ಯೆ ಆಹಾರವಿಲ್ಲದೆ ಕುಸಿದರೂ ಸುಮಾರು ಎರಡು ವರ್ಷಗಳಲ್ಲಿ ಚೇತರಿಸಿಕೊಂಡಿತು. ಮರದ ಎಲೆಗಳ ನಡುವೆ ತಂಗುವ, ಹಣ್ಣು ತಿನ್ನುವ ಕೆಂಪು ಬಾವಲಿಯಾದರೋ ಮೂರು ವರ್ಷಗಳಾದರೂ ಮೊದಲಿನ ಸಂಖ್ಯೆಗೆ ಬರಲಿಲ್ಲ. ಬಿರುಗಾಳಿ ಕೆಡವಿದ ಕಾಡು ಮತ್ತೆ ಚಿಗುರಲು ಬೀಜ ಬಿತ್ತುವವರು ಬೇಕು. ಹಣ್ಣು ತಿಂದು ಹಾರುತ್ತ ಬೀಜ ಉದುರಿಸುವ ಬಾವಲಿಗಳು ಆ ಕೆಲಸವನ್ನು ಮಾಡುತ್ತವೆ.

ಬಹುಪಾಲು ಬಾವಲಿಗಳು ಒಂದು ಸಲಕ್ಕೆ ಒಂದೇ ಮರಿಯನ್ನು ಹೆರುತ್ತವೆ; ಆದುದರಿಂದ ನಷ್ಟ ಬೇಗ ತುಂಬದು. ಗವಿಯ ಬಾಯನ್ನು ಅಗಲಿಸಿದರೆ ಕೂಡಿಟ್ಟ ಕಾವು ಹೊರಟುಹೋಗುತ್ತದೆ. ಹಗಲಿನಲ್ಲಿ ಜನರ ಗದ್ದಲವಾದರೆ ಮರಿಯೊಡನಿರುವ ತಾಯಿಗಳು ಬೆದರುತ್ತವೆ. ಲಕ್ಷಾಂತರ ಜೀವಗಳು ಒಂದೇ ಗವಿಯನ್ನು ನಂಬಿರುವಾಗ ಆ ಒಂದು ಗವಿಯ ನಾಶ ಆರು ಪ್ರಭೇದಗಳಿಗೂ ಪೆಟ್ಟು. ಕಾಡನ್ನು ಕಾಯುವವರು ಮರಗಳನ್ನಷ್ಟೇ ಎಣಿಸಿದರೆ ಸಾಲದು. ಆ ಕಾಡಿಗೆ ಬೀಜ ಬಿತ್ತುವವರು ಹಗಲೆಲ್ಲ ಮಲಗುವ ಕತ್ತಲೆಯ ಮನೆಯನ್ನೂ ಕಾಯಬೇಕು.