ಹೊಲದ ತಗ್ಗಿನಲ್ಲಿ ಬಾತುಗಳಿಗೊಂದು ಚಳಿಗಾಲದ ಕೊಳ

ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಘಟಪ್ರಭಾ ನದಿಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡು ನೀರಾವರಿಗಾಗಿ ಹುಟ್ಟಿದ್ದು, ಹಕ್ಕಿಗಳಿಗಾಗಿ ಅಲ್ಲ. ಆದರೂ ಅದರ ಹಿನ್ನೀರು ವಲಸೆ ಹಕ್ಕಿಗಳನ್ನು ಸೆಳೆಯಿತು. 1974ರಲ್ಲಿ ಅಲ್ಲಿನ 29.78 ಚದರ ಕಿ.ಮೀ. ಪ್ರದೇಶ ಘಟಪ್ರಭಾ ಪಕ್ಷಿಧಾಮವಾಯಿತು.

ಅದೇ ನದಿ ಕೆಳಗೆ ಹರಿದು ಮೂಡಲಗಿ ತಾಲ್ಲೂಕಿನ ಮಸಗುಪ್ಪಿಯಂಥ ಊರುಗಳನ್ನು ಹಾದುಹೋಗುತ್ತದೆ. ಕಬ್ಬಿನ ಈ ಸೀಮೆಯಲ್ಲಿ ಕಾಲುವೆ ನೀರಿನ ಅತಿಬಳಕೆಯಿಂದ ಜವಳು ಹಿಡಿದು ಬೆಳೆ ಬಾರದ ತಗ್ಗುಗಳುಂಟು. ಅಂಥ ಒಂದು ಮೂಲೆಯನ್ನು ಚಳಿಗಾಲದ ಮಟ್ಟಿಗೆ ಹಕ್ಕಿಗಳಿಗೆ ಬಿಟ್ಟುಕೊಡಲು ಸಾಧ್ಯವೇ? ಸಾಧ್ಯ. ಆದರೆ ಕೊಳವನ್ನು ಆಳವಾಗಿ ತೋಡಬಾರದು.

ಕಡಿದಾದ ದಡ, ಪ್ಲಾಸ್ಟಿಕ್ ಹಾಸಿನ ಆಳವಾದ ಕೃಷಿ ಹೊಂಡ ಬೆಳೆಗೆ ನೀರೊದಗಿಸುತ್ತದೆ. ಹಕ್ಕಿಗೆ ಅಲ್ಲಿ ಮೇವಿಲ್ಲ. ಸೂಜಿಬಾಲದ ಬಾತು, ವರಟೆ ಬಾತುಗಳು ಮುಳುಗಿ ಮೇಯುವವಲ್ಲ. ತಲೆಯನ್ನಷ್ಟೇ ನೀರಿಗಿಳಿಸಿ ತಳದ ಕೆಸರಿನಲ್ಲಿ ಬೀಜ, ಹುಳು ಹುಡುಕುತ್ತವೆ. ಅವುಗಳಿಗೆ ಒಂದಡಿ ನೀರು ಸಾಕು. ಮೆಟ್ಟುಗಾಲು ಹಕ್ಕಿ, ಗೊರವಗಳಿಗೆ ಅರ್ಧ ಅಡಿಯೂ ಬೇಕಿಲ್ಲ.

ಆದ್ದರಿಂದ ಕೊಳದ ತಳ ತಟ್ಟೆಯಂತಿರಬೇಕು. ನಡುವೆ ಒಂದಡಿ ಆಳ, ಅಂಚಿನತ್ತ ನಿಧಾನವಾಗಿ ಏರುವ ಇಳಿಜಾರು. ತಗ್ಗಿನ ಬದಿಗೆ ಎರಡಡಿ ಎತ್ತರದ ಮಣ್ಣಿನ ಒಡ್ಡು, ಹೆಚ್ಚುವರಿ ನೀರಿಗೆ ಕೋಡಿ, ಪೂರ್ತಿ ಬಸಿಯಲು ಮುಚ್ಚಳವಿರುವ ಕೊಳವೆ ಇದ್ದರಾಯಿತು. ಹದವಾಗಿ ತುಳಿಸಿದ ಎರೆಮಣ್ಣು ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಇಪ್ಪತ್ತು ಗುಂಟೆಯಲ್ಲಿ ಸರಾಸರಿ ಅರ್ಧ ಅಡಿ ನೀರು ನಿಲ್ಲಿಸಲು ಸುಮಾರು ಮೂರು ಲಕ್ಷ ಲೀಟರ್ ಬೇಕು. ದಿನಕ್ಕೆ ಅರ್ಧ ಸೆಂ.ಮೀ. ಆವಿಯಾಗಿ, ಇಂಗಿ ಹೋದರೂ ಒಂದು ತಿಂಗಳಲ್ಲಿ ಅದು ಬತ್ತುತ್ತದೆ. ಹಿಂಗಾರು ಮಳೆಯ ನೀರು ಸಾಲದಿದ್ದಲ್ಲಿ ನವೆಂಬರ್‌ನಿಂದ ಜನವರಿಯವರೆಗೆ ಆಗಾಗ ನೀರು ಬಿಡಬೇಕಾದೀತು.

ಬೇಸಿಗೆಯಲ್ಲಿ ಕೊಳ ಒಣಗುವುದು ದೋಷವಲ್ಲ, ಅದೇ ಅದರ ಜೀವಾಳ. ಒಣಗಿದ ಕೆಸರಿನಲ್ಲಿ ಜೇಕು, ಹುಲ್ಲು ಮೊಳೆತು ಬೀಜ ಉದುರಿಸುತ್ತವೆ. ಮತ್ತೆ ನೀರು ನಿಂತಾಗ ಹುಳುಗಳು ಬೆಳೆಯುತ್ತವೆ. ಅವನ್ನು ತಿಂದು ಮುಗಿಸುವ ಮೀನುಗಳು ಬತ್ತುವ ನೀರಿನಲ್ಲಿ ನೆಲೆಯೂರವು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2014ರಿಂದ ನೇಚರ್ ಕನ್ಸರ್ವೆನ್ಸಿ ಸಂಸ್ಥೆಯು ಭತ್ತದ ರೈತರಿಗೆ ಹಣ ಕೊಟ್ಟು, ವಲಸೆಯ ಕೆಲವು ವಾರಗಳ ಕಾಲ ಗದ್ದೆಯಲ್ಲಿ ತೆಳುವಾಗಿ ನೀರು ನಿಲ್ಲಿಸುವ ವ್ಯವಸ್ಥೆ ರೂಪಿಸಿತು. ನೆಲವನ್ನು ಖರೀದಿಸದೆ ಋತುವಿಗಷ್ಟೇ ಪಡೆಯುವ ಕ್ರಮವಿದು.

ಕರ್ನಾಟಕದಲ್ಲಿ ಹೊಲ ಮತ್ತು ಕೆರೆಯ ನಂಟಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ ಸಾಕ್ಷಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ನೀರಿನಲ್ಲಿ ವಿಶ್ರಮಿಸಿ, ಮೇವಿಗೆ ಸುತ್ತಲಿನ ಹೊಲಗಳಿಗೆ ಹೋಗುತ್ತವೆ. 2024ರ ಜನವರಿಯಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಎಳೆಯ ಪೈರಿಗೆ ಹೆಬ್ಬಾತು ಇಳಿದರೆ ನಷ್ಟ ರೈತನದೇ ಎಂಬುದನ್ನೂ ಮರೆಯುವಂತಿಲ್ಲ.

ಎಚ್ಚರಿಕೆಗಳೂ ಇವೆ. ಕೊಳದ ಸೋರಿಕೆ ನೆರೆಯ ಹೊಲಕ್ಕೆ ಜವಳು ತರಬಾರದು. ಆದ್ದರಿಂದ ಬಸಿಗಾಲುವೆ ಇರುವ ಅತಿ ತಗ್ಗಿನ ಜಾಗವೇ ಸೂಕ್ತ. ಕೀಟನಾಶಕ ಸಿಂಪಡಿಸಿದ ಹೊಲದ ನೀರು ಒಳಬರಬಾರದು. ಮೇಲೆ ವಿದ್ಯುತ್ ತಂತಿ ಹಾದಿರಬಾರದು. ಹಕ್ಕಿಜ್ವರದ ಭೀತಿಯಿರುವುದರಿಂದ ಸಾಕುಕೋಳಿ, ಸಾಕುಬಾತುಗಳನ್ನು ಅಲ್ಲಿಗೆ ಬಿಡಬಾರದು. ಕಾಡುಬಾತುಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾವಲಿಲ್ಲದ ಕೊಳ ಬೇಟೆಗಾರರ ಬಲೆಯಾದೀತು.

ಮೊದಲ ವರ್ಷವೇ ಹಿಂಡು ಇಳಿಯುತ್ತದೆಂಬ ಖಾತರಿಯಿಲ್ಲ. ಬಾತು ಬಾರದ ವರ್ಷವೂ ಗೊರವ ಬಂದೀತು, ಬೆಳ್ಳಕ್ಕಿ ಬಂದೀತು. ಕಬ್ಬು ಬಾರದ ನೆಲದಿಂದ ರೈತ ಕಳೆದುಕೊಳ್ಳುವುದು ಅಲ್ಪ. ದೂರದಿಂದ ಹಾರಿ ಬಂದ ಹಕ್ಕಿಗೆ ದಕ್ಕುವುದು ಒಂದು ಚಳಿಗಾಲದ ಅನ್ನ.