‘ಉಸ್ತೆದ್’ ಮತ್ತು ‘ತಾವು’: ಸ್ಪ್ಯಾನಿಷ್ ತರಗತಿಯಲ್ಲಿ ಕನ್ನಡ ವಿದ್ಯಾರ್ಥಿಯ ಸಂಬೋಧನೆ

ಸ್ಪ್ಯಾನಿಷ್ ಭಾಷಿಕ ದೇಶಗಳಿಗೆ ಉನ್ನತ ವ್ಯಾಸಂಗಕ್ಕೆ ತೆರಳುವ ಕನ್ನಡಿಗರಿಗೆ ‘ತೂ’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು ಎಂಬ ಸಮೀಕರಣ ಸಹಜವಾಗಿ ತೋರುತ್ತದೆ. ಇದು ವ್ಯಾಕರಣದ ಪುಟದಲ್ಲಿ ಸಲ್ಲುತ್ತದೆ, ತರಗತಿಯಲ್ಲಿ ಸಲ್ಲದು ಎಂಬುದು ನಮ್ಮ ವಾದ.

ಇಂದಿನ ಸ್ಪೇನಿನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರನ್ನೂ ಅನೇಕ ವೇಳೆ ‘ತೂ’ ಎಂದೇ ಸಂಬೋಧಿಸುತ್ತಾರೆ. (ಅಪರಿಚಿತರಿಗೆ ಬರೆಯುವ ಮೊದಲ ಪತ್ರದ ಮಾತು ಬೇರೆ.) ಗುರುಗಳನ್ನು ಏಕವಚನದಲ್ಲಿ ಕರೆಯಲು ನಮ್ಮ ನಾಲಿಗೆ ತಡವರಿಸುತ್ತದೆ, ಆದರೆ ಅಲ್ಲಿ ‘ಉಸ್ತೆದ್’ಗೇ ಅಂಟಿಕೊಂಡರೆ ಕೇಳುವವರಿಗೆ ಗೌರವಕ್ಕಿಂತ ದೂರವೇ ಹೆಚ್ಚಾಗಿ ಕಂಡೀತು. ಬೊಗೊಟಾದಲ್ಲಿ ಇದು ತಿರುವುಮುರುವು: ಆಪ್ತರ ನಡುವೆಯೂ ‘ಉಸ್ತೆದ್’ ಬಳಕೆಯಲ್ಲಿರುವುದರಿಂದ ಗೆಳೆಯನ ಬಾಯಲ್ಲಿ ಅದನ್ನು ಕೇಳಿ ಮುನಿಸೆಂದು ಬಗೆಯಬೇಕಿಲ್ಲ. ಬ್ಯೂನಸ್ ಐರಿಸ್‌ನಲ್ಲಂತೂ ‘ತೂ’ ಬದಲಿಗೆ ‘ಬೋಸ್’ ಇದ್ದು, ಕ್ರಿಯಾರೂಪವೂ ಬೇರೆಯಾಗುತ್ತದೆ: ‘ತೂ ತ್ಯೇನೆಸ್’ (ನಿನ್ನಲ್ಲಿದೆ) ಎಂಬುದು ‘ಬೋಸ್ ತೆನೇಸ್’ ಆಗುತ್ತದೆ.

‘ಉಸ್ತೆದ್’ ಎಂಬುದು ‘ತಮ್ಮ ಕೃಪೆ’ ಎಂಬರ್ಥದ ‘ಬ್ವೆಸ್ತ್ರಾ ಮೆರ್ಸೆದ್’ ಪದಗುಚ್ಛದ ಸವೆದ ರೂಪ. ಆದುದರಿಂದಲೇ ಅದು ಇಂದಿಗೂ ಪ್ರಥಮ ಪುರುಷದ ಕ್ರಿಯಾಪದವನ್ನು ಬಯಸುತ್ತದೆ. ಕನ್ನಡದ ‘ತಾವು’ ಕೂಡ ಮೂಲತಃ ಪ್ರಥಮ ಪುರುಷದ ಆತ್ಮಾರ್ಥಕ ಸರ್ವನಾಮವೇ. ಆದರೆ ಗೌರವಾರ್ಥಕ್ಕೆ ಸರಿದಾಗ ಅದು ‘ತಾವು ಬರುತ್ತೀರಿ’ ಎಂದು ಮಧ್ಯಮ ಪುರುಷದ ಪ್ರತ್ಯಯವನ್ನು ತಳೆಯಿತು. ಈ ವ್ಯತ್ಯಾಸವನ್ನು ಬೋಧಕರು ಮೊದಲೇ ತೋರಿಸಿಕೊಟ್ಟರೆ, ‘ಉಸ್ತೆದ್ ತ್ಯೇನೆ’ ಎನ್ನಬೇಕಾದಲ್ಲಿ ‘ಉಸ್ತೆದ್ ತ್ಯೇನೆಸ್’ ಎನ್ನುವುದು ಏಕೆ ಸಲ್ಲದೆಂಬುದನ್ನು ಕನ್ನಡದ ಮೂಲಕವೇ ವಿವರಿಸಬಹುದು.