ಚಿಕ್ಕ ವಯಸ್ಸಿಗೇ ಕಣ್ಣಿನ ಪೊರೆಯೇ? ರಕ್ತವನ್ನೂ ಪರೀಕ್ಷಿಸಿ

ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಸೀಮೆಯಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಳೆಯ ವಾಡಿಕೆ. ಹೊಲ ಹಂಚಿಹೋಗಬಾರದು, ಹೆಣ್ಣು ದೂರವಾಗಬಾರದು ಎಂಬ ಆಸೆ. ಆದರೆ ಇಂಥ ಮದುವೆಗಳಲ್ಲಿ ಗಂಡಹೆಂಡಿರಿಬ್ಬರಲ್ಲೂ ಒಂದೇ ದೋಷ ಅಡಗಿರುವ ಸಂಭವ ಹೆಚ್ಚು. ಹಾಗೆ ಅಡಗಿದ್ದರೆ ಅವರಿಗೆ ಏನೂ ಆಗದು. ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ 4ರಲ್ಲಿ 1.

ಅಂಥ ಒಂದು ಕಾಯಿಲೆ ಸೆರೆಬ್ರೋಟೆಂಡಿನಸ್ ಝಾಂಥೊಮಟೋಸಿಸ್, ಚಿಕ್ಕದಾಗಿ ಸಿ.ಟಿ.ಎಕ್ಸ್. ಇದು ಅಪರೂಪವಾದರೂ ಇದಕ್ಕೆ ಔಷಧವಿದೆ. ಅದಕ್ಕಾಗಿಯೇ ಈ ಮಾತು.

ಮಗುವಿಗೆ ಬಿಡದೆ ಕಾಡುವ ಭೇದಿ, ಹರೆಯದೊಳಗೇ ಎರಡೂ ಕಣ್ಣಿಗೆ ಪೊರೆ, ಓದಿನಲ್ಲಿ ಹಿಂದೆ ಬೀಳುವುದು. ಮುಂದೆ ಹಿಮ್ಮಡಿಯ ಮೇಲೆ ಗಂಟು, ತಪ್ಪುವ ನಡಿಗೆ. ಭೇದಿಗೊಬ್ಬ ವೈದ್ಯರು, ಕಣ್ಣಿಗೊಬ್ಬರು ಎಂದು ಓಡಾಡುತ್ತೇವೆ. ಇವೆಲ್ಲ ಒಂದೇ ಬೇರಿನಿಂದ ಬಂದವು ಎಂದು ತಿಳಿಯುವಷ್ಟರಲ್ಲಿ ಅನೇಕರಿಗೆ 30 ವರ್ಷ ದಾಟಿರುತ್ತದೆ.

ಬೇರು ಎಲ್ಲಿದೆ? ಲಿವರ್ ಎಂದು ನಾವು ಕರೆಯುವ ಪಿತ್ತಜನಕಾಂಗವು ಕೊಲೆಸ್ಟರಾಲಿನಿಂದ ಹಂತಹಂತವಾಗಿ ಪಿತ್ತಾಮ್ಲ ತಯಾರಿಸುತ್ತದೆ. ತಿಂದ ಎಣ್ಣೆ, ಜಿಡ್ಡು ಜೀರ್ಣವಾಗಲು ಅದು ಬೇಕು. ಕೆರೆಯ ಕಾಲುವೆ ನಡುವೆ ಒಡೆದಿದೆ ಎನ್ನಿ. ಕೊನೆಯ ಹೊಲಕ್ಕೆ ನೀರಿಲ್ಲವೆಂದು ತೂಬನ್ನು ಇನ್ನಷ್ಟು ಎತ್ತಿದರೆ, ಒಡೆದ ಕಡೆಯೇ ನೀರು ನುಗ್ಗುತ್ತದೆ. ಸಿ.ಟಿ.ಎಕ್ಸ್‌ನಲ್ಲಿ ಆಗುವುದೂ ಇದೇ. ಒಂದು ಕಿಣ್ವ ಕೆಟ್ಟು ಪಿತ್ತಾಮ್ಲ ಸಾಲದಾಗುತ್ತದೆ. ಪಿತ್ತಜನಕಾಂಗ ಇನ್ನೂ ಹೆಚ್ಚು ದುಡಿಯುತ್ತದೆ. ಅರೆಬೆಂದ ಸರಕು ರಕ್ತಕ್ಕೆ ಹರಿಯುತ್ತದೆ. ಅದರಿಂದ ಹುಟ್ಟುವ ಕೊಲೆಸ್ಟನಾಲ್ ಎಂಬ ಜಿಡ್ಡು ಸ್ನಾಯುರಜ್ಜು, ಮಿದುಳುಗಳಲ್ಲಿ ಕೂಡಿಕೊಳ್ಳುತ್ತದೆ.

ಮಾಮೂಲಿ ಕೊಲೆಸ್ಟರಾಲ್ ಪರೀಕ್ಷೆಯಲ್ಲಿ ಇದು ಸಿಕ್ಕುವುದಿಲ್ಲ. ಆ ಅಂಕಿ ಸರಿಯಾಗಿಯೇ ಬರಬಹುದು. ಕೊಲೆಸ್ಟನಾಲಿಗೂ ಕೊಲೆಸ್ಟರಾಲಿಗೂ ಇರುವ ವ್ಯತ್ಯಾಸ ಬರೀ 2 ಜಲಜನಕದ ಪರಮಾಣು. ಅದನ್ನು ಹಿಡಿಯುವುದು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ. ಕಣದಲ್ಲಿ ರಾಶಿ ತೂರುವಾಗ ಗಾಳಿಯು ಕಾಳನ್ನೂ ಹೊಟ್ಟನ್ನೂ ತೂಕ ನೋಡಿ ಬೇರೆ ಮಾಡುವುದಿಲ್ಲವೇ? ಈ ಯಂತ್ರವು ಅಣುಗಳಿಗೆ ವಿದ್ಯುದಂಶ ಕೊಟ್ಟು, ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತದೆ. ಕೊಲೆಸ್ಟನಾಲಿನ ಜೊತೆಗೆ, ಪಿತ್ತಾಮ್ಲದ ತಯಾರಿಕೆ ಎಷ್ಟು ಬಿರುಸಾಗಿದೆಯೆಂದು ಹೇಳುವ 'ಸಿ4' ಎಂಬ ಅರೆಸರಕನ್ನೂ ಅಳೆಯಬಹುದು. ಆಮೇಲೆ ಸಿ.ವೈ.ಪಿ.27ಎ1 ಎಂಬ ಜೀನಿನ ಪರೀಕ್ಷೆಯಿಂದ ಖಚಿತವಾಗುತ್ತದೆ.

ಔಷಧವೆಂದರೆ ದೇಹಕ್ಕೆ ಕೊರತೆಯಾದ ಪಿತ್ತಾಮ್ಲವೇ: ಕೀನೋಡಿಆಕ್ಸಿಕೋಲಿಕ್ ಆಮ್ಲ. ಅದು ಹೊರಗಿನಿಂದ ದೊರೆತರೆ ತೂಬು ತಾನಾಗಿ ಇಳಿಯುತ್ತದೆ. ಇದರ ಗುಣವನ್ನು ಸಂಶೋಧಕರು 1984ರಲ್ಲೇ ಪ್ರಕಟಿಸಿದರು. 2025ರಲ್ಲಿ ಅಮೆರಿಕ ಈ ಕಾಯಿಲೆಗೆಂದೇ ಅನುಮತಿ ನೀಡಿತು. ಬೇಗ ಆರಂಭಿಸಿದರೆ ಮಿದುಳು ಉಳಿಯುತ್ತದೆ. ತಡವಾದರೆ ಕೆಟ್ಟದ್ದು ಪೂರ್ತಿ ಮರಳುವುದಿಲ್ಲ.

ಭೇದಿಯಾದ ಮಕ್ಕಳಿಗೆಲ್ಲ ಈ ಕಾಯಿಲೆ ಎಂದು ಹೆದರಬೇಡಿ. ಆದರೆ ಭೇದಿ ಮತ್ತು ಪೊರೆ ಒಂದೇ ಮಗುವಿನಲ್ಲಿ ಕಂಡರೆ ವೈದ್ಯರಿಗೆ ಎರಡನ್ನೂ ಒಟ್ಟಿಗೆ ಹೇಳಿ; ಗಂಡಹೆಂಡಿರ ನಡುವಿನ ರಕ್ತಸಂಬಂಧವನ್ನೂ ಮುಚ್ಚಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ರೋಗಿಗಳನ್ನು ಕಂಡವರು. ಒಂದು ಮಗುವಿಗೆ ಕಾಯಿಲೆ ಇದೆಯೆಂದು ತಿಳಿದರೆ ಒಡಹುಟ್ಟಿದವರ ರಕ್ತವನ್ನೂ ಪರೀಕ್ಷಿಸಿ. ಇನ್ನೂ ಏನೂ ಕಾಣದ ತಮ್ಮತಂಗಿಯರಿಗೇ ಇದರಿಂದ ಹೆಚ್ಚಿನ ಲಾಭ.